ಓತಿಕ್ಯಾತಕ್ಕೆ ಬೇಲಿಯೊಂದೇ ಸಾಕ್ಷಿ ಸಾಲದು

ಮನೆಯ ಹುಡುಗಿ ವೈದ್ಯಕೀಯ ಓದುತ್ತಿದ್ದಾಳೆ ಎಂದರೆ ಮದುವೆ ಮನೆಯ ಪಂಕ್ತಿಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅದೇ ಹುಡುಗಿ ಓತಿಕ್ಯಾತದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ ಎನ್ನಿ, ಎಲೆಗೆ ಪಾಯಸ ಬೀಳುವಷ್ಟರಲ್ಲಿ ನಾಲ್ಕು ಪ್ರಶ್ನೆಗಳು ಬಂದಿರುತ್ತವೆ. ಅದರಲ್ಲಿ ನೋಡುವುದಕ್ಕೆ ಏನಿದೆ? ಕಚ್ಚುವುದಿಲ್ಲವೇ? ಅದರಿಂದ ಏನು ಉಪಯೋಗ? ಕೆಲಸ ಎಲ್ಲಿ ಸಿಗುತ್ತದೆ? ಕೊನೆಯ ಎರಡಕ್ಕೆ ನನ್ನ ಬಳಿಯೂ ನೆಟ್ಟಗಿನ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ: ಹಿಡಿದರೆ ಕಚ್ಚುತ್ತದೆ, ವಿಷವಿಲ್ಲ. ಮೊದಲನೆಯದಕ್ಕೂ ಉತ್ತರವಿದೆ, ಅದು ಸ್ವಲ್ಪ ಉದ್ದವಾದದ್ದು.

ಪ್ರಾಣಿಗಳ ನಡವಳಿಕೆಯ ಮೇಲೆ ಕೆಲಸ ಮಾಡುವ ವಿಕಾಸ ವಿಜ್ಞಾನಿಗೆ ಮೊದಲ ದಿನದಿಂದಲೇ ಒಂದು ತೊಡಕು ಎದುರಾಗುತ್ತದೆ. ಎಲುಬು, ಹಲ್ಲು, ಮೊಟ್ಟೆಯ ಚಿಪ್ಪು ಪಳೆಯುಳಿಕೆಯಾಗಿ ಕೋಟ್ಯಂತರ ವರ್ಷ ಉಳಿಯುತ್ತವೆ. ತಲೆಯಾಡಿಸಿದ್ದು, ಬಣ್ಣ ಬದಲಿಸಿದ್ದು, ಹೆಣ್ಣನ್ನು ಓಲೈಸಿದ್ದು, ಮರಿ ಕಾಯ್ದದ್ದು ಆ ಕ್ಷಣಕ್ಕೇ ಮುಗಿದುಹೋಗುತ್ತವೆ. ಕಲ್ಲಿನಲ್ಲಿ ಅವುಗಳ ಗುರುತು ಉಳಿಯುವುದು ತೀರಾ ಅಪರೂಪ. ಹಾಗಿದ್ದರೂ ಈ ವಿಜ್ಞಾನಿಗಳು ‘ಈ ನಡವಳಿಕೆ ಹೀಗೆ ವಿಕಾಸವಾಯಿತು’ ಎಂದು ಬರೆಯುತ್ತಾರೆ. ಯಾವ ಸಾಕ್ಷ್ಯದ ಮೇಲೆ? ಒಬ್ಬ ಸಂಶೋಧಕನ ಇಡೀ ವೃತ್ತಿ ಜೀವನ ಈ ಒಂದು ಪ್ರಶ್ನೆಯ ಸುತ್ತ ಸವೆಯುತ್ತದೆ. ಪ್ರಾಣಿ ಅದೇ, ಬಂಡೆ ಅದೇ. ಸಾಕ್ಷ್ಯ ಕಲೆಹಾಕುವ ಬಗೆ ಮಾತ್ರ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ ಹೋಗುತ್ತದೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಚಾಮುಂಡಿಬೆಟ್ಟದ ಬಂಡೆಗಳ ಮೇಲೆ, ಪಾಂಡವಪುರದ ಕುಂತಿಬೆಟ್ಟದಲ್ಲಿ, ಮೇಲುಕೋಟೆಯ ಕಲ್ಲುಗಳ ನಡುವೆ ಬಿಸಿಲೇರಿದ ಮೇಲೆ ಕಾಣಿಸಿಕೊಳ್ಳುವ ಬಂಡೆ ಓತಿಯನ್ನೇ ತೆಗೆದುಕೊಳ್ಳಿ. ವಿಜ್ಞಾನಿಗಳು ಇಟ್ಟ ಹೆಸರು ಸ್ಯಾಮೊಫಿಲಸ್ ಡಾರ್ಸಾಲಿಸ್. ಬೇಲಿಯ ಮೇಲಿನ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು, ದಕ್ಷಿಣ ಭಾರತದ ಕಲ್ಲುಬೆಟ್ಟಗಳ ವಾಸಿ. ಹೆಣ್ಣು ಮತ್ತು ಮರಿಗಳದು ಕಲ್ಲಿನ ಮಚ್ಚೆಗಳ ನಡುವೆ ಕಳೆದುಹೋಗುವ ಕಂದು ಬಣ್ಣ. ಗಂಡು ಗಾತ್ರದಲ್ಲಿ ದೊಡ್ಡದು. ಸಂತಾನದ ಕಾಲ ಬಂದರೆ ಅದರ ನೆತ್ತಿಯಿಂದ ಬೆನ್ನುದ್ದಕ್ಕೂ ಅಗಲವಾದ ಒಂದು ಪಟ್ಟಿ ಮೂಡುತ್ತದೆ, ಎರಡೂ ಪಕ್ಕೆಗಳಿಗೆ ಬೇರೆ ಬಣ್ಣ ಬರುತ್ತದೆ. ನೂರು ಅಡಿ ದೂರದಿಂದಲೂ ಕಣ್ಣಿಗೆ ಹೊಡೆಯುವ ವೇಷ ಅದು.

ಬಂಡೆಯ ತುದಿಯಲ್ಲಿ ಕುಳಿತ ಗಂಡೊಂದನ್ನು ತುಸು ಹೊತ್ತು ನೋಡಿ. ಮುಂಗಾಲು ನೆಟ್ಟಗೆ ಮಾಡಿ ಎದೆ ಎತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ, ಮೈಸೂರಿನ ಗರಡಿಮನೆಯಲ್ಲಿ ದಂಡ ಹೊಡೆಯುವ ಪೈಲ್ವಾನನ ಹಾಗೆ. ನಿಲ್ಲಿಸಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ; ಒಂದು ಕಣ್ಣು ನಿಮ್ಮ ಮೇಲೆ, ಇನ್ನೊಂದು ಕೆಳಗಿನ ಬಂಡೆಯ ಮೇಲೆ. ಇರುವೆಯೊಂದು ಹತ್ತಿರ ಬಂದರೆ ನಾಲಿಗೆಗೆ ಅಂಟಿಸಿಕೊಂಡು ನುಂಗುತ್ತದೆ. ಆಮೇಲೆ ಎಷ್ಟೋ ಹೊತ್ತು ಏನೂ ಮಾಡುವುದಿಲ್ಲ. ಕೆಳಗಿನ ಬಿರುಕಿನಿಂದ ಇನ್ನೊಂದು ಗಂಡು ತಲೆ ಹಾಕಿತೋ, ಕಣ್ಣೆದುರೇ ಬಣ್ಣ ಮಾರ್ಪಡಲು ಶುರುವಾಗುತ್ತದೆ.

ಏಕೆ? ಈ ಒಂದೇ ‘ಏಕೆ’ಯೊಳಗೆ ನಾಲ್ಕು ಪ್ರಶ್ನೆಗಳಿವೆ ಎಂದು ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗನ್ 1963ರ ಲೇಖನವೊಂದರಲ್ಲಿ ಬಿಡಿಸಿ ತೋರಿಸಿದರು. ಹತ್ತು ವರ್ಷಗಳ ನಂತರ ಕೊನ್ರಾಡ್ ಲೊರೆನ್ಸ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಂದಿಗೆ ನೊಬೆಲ್ ಹಂಚಿಕೊಂಡವರು ಅವರು. ಚರ್ಮದ ವರ್ಣಕೋಶಗಳೂ ನರಗಳೂ ಹಾರ್ಮೋನುಗಳೂ ಸೇರಿ ಈ ಬಣ್ಣವನ್ನು ಹೇಗೆ ತರುತ್ತವೆ ಎಂಬುದು ಒಂದು. ಮೊಟ್ಟೆಯಿಂದ ಹೊರಬಂದ ಕಂದು ಮರಿ ಬೆಳೆಯುತ್ತ ಯಾವ ಹಂತದಲ್ಲಿ ಈ ಶಕ್ತಿ ಪಡೆಯುತ್ತದೆ, ಅದರಲ್ಲಿ ಪರಿಸರದ ಪಾಲೆಷ್ಟು ಎಂಬುದು ಇನ್ನೊಂದು. ಹೀಗೆ ಮಾಡುವ ಗಂಡಿಗೆ ಬದುಕುವುದರಲ್ಲೋ ಮರಿ ಮಾಡುವುದರಲ್ಲೋ ಏನು ಲಾಭ ಎಂಬುದು ಬೇರೆಯದೇ ಪ್ರಶ್ನೆ. ಇದರ ಪೂರ್ವಿಕರಲ್ಲಿ ಯಾರಿಗೆ ಇದು ಮೊದಲು ಬಂತು, ದಾಯಾದಿ ಜಾತಿಗಳಲ್ಲಿ ಇದೆಯೇ ಎಂಬುದು ಮತ್ತೂ ಬೇರೆ. ಒಂದರ ಉತ್ತರವನ್ನು ಇನ್ನೊಂದರ ಉತ್ತರ ಎಂದು ಮಾರುವಂತಿಲ್ಲ. ‘ಹಾರ್ಮೋನಿನಿಂದ ಹಾಗಾಗುತ್ತದೆ’ ಎಂದವನು ಲಾಭದ ಬಗ್ಗೆ ಏನನ್ನೂ ಹೇಳಿಲ್ಲ. ಟಿವಿಯ ವನ್ಯಜೀವಿ ಕಾರ್ಯಕ್ರಮಗಳ ವ್ಯಾಖ್ಯಾನಕಾರರು ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಕಲಸಿ ಬಡಿಸುವುದನ್ನು ಕೇಳಿದರೆ ನನಗೆ ರೇಗುತ್ತದೆ.

ಬಂಡೆ ಓತಿಯ ಬಣ್ಣದ ವಿಷಯಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಾಧಾ ಬಟಬ್ಯಾಲ್ ಮತ್ತು ಮಾರಿಯಾ ಥಾಕರ್ ಇದನ್ನೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಗಂಡಿನ ಎದುರು ಹೆಣ್ಣು ಬಂದಾಗ ಬೆನ್ನಿನ ಪಟ್ಟಿ ಕೆಂಪಾಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಎದುರಾದದ್ದು ಇನ್ನೊಂದು ಗಂಡಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಅಂದರೆ ಸಿಟ್ಟಿಗೂ ಪ್ರಣಯಕ್ಕೂ ಬೇರೆ ಬೇರೆ ವೇಷ. ಅಷ್ಟೇ ಆಗಿದ್ದರೆ ಅದೊಂದು ಚೆಂದದ ಸಂಗತಿಯಾಗಿ ಉಳಿದುಬಿಡುತ್ತಿತ್ತು. ಅವರು ಬಣ್ಣ ಬರುವ ವೇಗವನ್ನೂ ಅಳೆದರು. ಜಗಳದ ಬಣ್ಣ ಬೇಗ ಬರುತ್ತದೆ. ಪ್ರಣಯದ ಬಣ್ಣ ನಿಧಾನವಾಗಿ ಬಂದರೂ ಬೆನ್ನಿಗೂ ಪಕ್ಕೆಗೂ ನಡುವಿನ ವ್ಯತ್ಯಾಸ ಅಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಎದುರಾಳಿ ಮೈಮೇಲೆ ಬರುವ ಮುನ್ನ ‘ನಾನು ಸಿದ್ಧ’ ಎಂದು ತೋರಿಸಬೇಕಾದ ಕಡೆ ವೇಗಕ್ಕೆ ಬೆಲೆ. ಹೆಣ್ಣು ನಿಂತು ನೋಡುವಂತೆ ಮಾಡಬೇಕಾದ ಕಡೆ ಎದ್ದು ಕಾಣುವುದಕ್ಕೆ ಬೆಲೆ. ಟಿನ್‌ಬರ್ಗನ್ನರ ಮೊದಲ ಪ್ರಶ್ನೆಯೂ ಮೂರನೆಯ ಪ್ರಶ್ನೆಯೂ ಇಲ್ಲಿ ಒಂದನ್ನೊಂದು ಮುಟ್ಟುತ್ತವೆ, ಆದರೆ ಕಲಸಿಹೋಗಿಲ್ಲ.

ಮಾತು ಬದಲಿಸುವ ರಾಜಕಾರಣಿಯನ್ನು ನಾವು ಊಸರವಳ್ಳಿ ಎನ್ನುವುದು ಅವನು ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸಿ ಅಡಗುತ್ತಾನೆ ಎಂಬ ಅರ್ಥದಲ್ಲಿ. ಬಂಡೆ ಓತಿ ಮಾಡುವುದು ಇದಕ್ಕೆ ತದ್ವಿರುದ್ಧ: ಅಡಗುವುದಕ್ಕಲ್ಲ, ಕಾಣಿಸುವುದಕ್ಕೇ ಅದು ಬಣ್ಣ ಬದಲಿಸುತ್ತದೆ. ಗಿಡುಗವೂ ಹಾವೂ ನೋಡುತ್ತಿರುವ ಬಯಲು ಬಂಡೆಯ ಮೇಲೆ ಇದು ಅಪಾಯದ ವ್ಯವಹಾರ. ಅಷ್ಟಾದರೂ ಇದು ನಡೆದುಬಂದಿದೆ ಎಂದರೆ ಆ ಗಂಡುಗಳು ಕಳೆದುಕೊಂಡದ್ದಕ್ಕಿಂತ ಮರಿಗಳ ಲೆಕ್ಕದಲ್ಲಿ ಗಳಿಸಿದ್ದು ಹೆಚ್ಚಿರಬೇಕು. ಆಂಧ್ರದ ರಿಷಿ ವ್ಯಾಲಿಯಲ್ಲಿ ಇದೇ ಜಾತಿಯ ಗಂಡುಗಳನ್ನು ಜೀವಮಾನವಿಡೀ ಹಿಂಬಾಲಿಸಿದ ಅಧ್ಯಯನವೊಂದಿದೆ. ಹೆಚ್ಚಿನವು ಕಾಣುವುದು ಒಂದೇ ಸಂತಾನದ ಕಾಲ. ಮುಂದಿನ ವರ್ಷ ನೋಡಿಕೊಳ್ಳೋಣ ಎನ್ನುವ ಸೌಕರ್ಯ ಆ ಪ್ರಾಣಿಗೆ ಇಲ್ಲ.

‘ಇರಬೇಕು’ ಎಂದೆ. ಈ ಶಾಸ್ತ್ರದಲ್ಲಿ ಅತಿ ಹೆಚ್ಚು ಜಾರಿ ಬೀಳುವ ಜಾಗ ಈ ‘ಇರಬೇಕು’. ಯಾವ ನಡವಳಿಕೆಗೂ ಒಂದು ಲಾಭದ ಕಥೆ ಕಟ್ಟಬಹುದು, ಕೂತಲ್ಲೇ ಕಟ್ಟಬಹುದು. ಕಥೆಯನ್ನು ಸಾಕ್ಷ್ಯದಿಂದ ಬೇರ್ಪಡಿಸುವುದು ಎಣಿಕೆ, ಅದೂ ಯಾವುದನ್ನು ಎಣಿಸಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡ ಎಣಿಕೆ. ಹಲ್ಲಿ ಲೊಚಗುಟ್ಟಿದಾಗ ‘ನೋಡು, ನಿಜ ನುಡಿಯಿತು’ ಎನ್ನುವ ನಮ್ಮ ಮನೆಗಳ ಅಭ್ಯಾಸದಲ್ಲಿ ತಪ್ಪಿರುವುದು ಎಲ್ಲಿ? ನುಡಿದು ನಿಜವಾದದ್ದು ನೆನಪಿರುತ್ತದೆ. ನುಡಿದು ಸುಳ್ಳಾದದ್ದು, ನುಡಿಯದೆಯೇ ನಿಜವಾದದ್ದು ಯಾರ ಲೆಕ್ಕದಲ್ಲೂ ಇಲ್ಲ. ಕಾಡಿನಲ್ಲಿ ನೋಟ್‌ಪುಸ್ತಕ ಹಿಡಿದು ಕೂತ ವಿದ್ಯಾವಂತನ ಕಣ್ಣೂ ಇದೇ ಕೆಲಸ ಮಾಡುತ್ತದೆ. ಕಾದಾಟ ಕಣ್ಣಿಗೆ ಬೀಳುತ್ತದೆ, ಸುಮ್ಮನೆ ಕೂತದ್ದು ಬೀಳುವುದಿಲ್ಲ. ದೊಡ್ಡ ಗಂಡು ಕಾಣುತ್ತದೆ, ಬಿರುಕಿನೊಳಗಿನ ಹೆಣ್ಣು ಕಾಣುವುದಿಲ್ಲ.

ಬಬೂನ್ ಕೋತಿಗಳನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ಜೀನ್ ಆಲ್ಟ್‌ಮನ್ 1974ರಲ್ಲಿ ಇದಕ್ಕೆ ಮದ್ದು ಸೂಚಿಸಿದರು. ಅವರ ಲೇಖನದಲ್ಲಿ ರೋಚಕವಾದದ್ದು ಏನೂ ಇಲ್ಲ, ಬರೀ ನಿಯಮಗಳು. ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ, ಅದು ಎಷ್ಟೇ ಬೇಸರದ್ದಾದರೂ ನಿಗದಿತ ಹೊತ್ತು ಅದನ್ನು ಬಿಟ್ಟು ಬೇರೆಯದನ್ನು ನೋಡಬೇಡಿ. ಅಥವಾ ಇಷ್ಟಿಷ್ಟು ನಿಮಿಷಕ್ಕೊಮ್ಮೆ ಎಲ್ಲವನ್ನೂ ಒಂದು ಸುತ್ತು ನೋಡಿ, ಆ ಗಳಿಗೆಯಲ್ಲಿ ಯಾವುದು ಏನು ಮಾಡುತ್ತಿದೆ ಎಂದಷ್ಟೇ ಬರೆಯಿರಿ. ಪಕ್ಕದ ಬಂಡೆಯಲ್ಲಿ ಭಾರಿ ಕಾದಾಟ ನಡೆಯುತ್ತಿದ್ದರೂ ನಿಮ್ಮ ಪಾಲಿನ ಓತಿ ಬಿಸಿಲು ಕಾಯುತ್ತಿದ್ದರೆ ಪುಸ್ತಕದಲ್ಲಿ ಇಳಿಯಬೇಕಾದದ್ದು ‘ಬಿಸಿಲು ಕಾಯುತ್ತಿದೆ’. ಪ್ರಾಣಿಗಳ ನಡವಳಿಕೆ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಇದನ್ನೇ ಮೊದಲು ಕಲಿಯುತ್ತಾರೆ, ಮತ್ತು ಮೊದಲ ವಾರದಲ್ಲೇ ಮುರಿಯುತ್ತಾರೆ.

ನೋಡಿದ ಓತಿ ನಿನ್ನೆಯದೇ ಎಂದು ಗೊತ್ತಾಗುವುದು ಹೇಗೆ? ಹಿಡಿದು ಗುರುತು ಹಾಕಬೇಕು. ಉದ್ದನೆಯ ಕೋಲಿನ ತುದಿಗೆ ತೆಳು ದಾರದ ಕುಣಿಕೆ ಕಟ್ಟಿ, ಓತಿಯ ತಲೆಯ ಮೇಲಿಂದ ಮೆಲ್ಲಗೆ ಇಳಿಸಿ ಎತ್ತುತ್ತಾರೆ. ಹಳ್ಳಿಯ ಹುಡುಗರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಅವರು ಹಿಡಿದ ಓತಿಯ ಗತಿ ಏನಾಗುತ್ತಿತ್ತು ಎಂಬುದು ಬೇರೆ ಮಾತು. ಸಂಶೋಧಕ ಉದ್ದ ಅಳೆದು, ತೂಕ ನೋಡಿ, ಬಣ್ಣದ ಮಣಿಯನ್ನೋ ಬಣ್ಣದ ಚುಕ್ಕೆಯನ್ನೋ ಗುರುತಾಗಿಟ್ಟು, ಡಿಎನ್‌ಎಗಾಗಿ ಬಾಲದ ತುದಿಯ ಚೂರು ತೆಗೆದುಕೊಂಡು, ಹಿಡಿದ ಬಂಡೆಯ ಮೇಲೆಯೇ ಬಿಡುತ್ತಾನೆ. ಇಷ್ಟಕ್ಕೂ ಮೊದಲು ಅನುಮತಿ ಪತ್ರಗಳ ಹಿಂದೆ ಅಲೆದಿರುತ್ತಾನೆ ಎಂಬುದನ್ನು ಪ್ರಬಂಧಗಳ ಕೊನೆಯಲ್ಲಿ ಬರುವ ಕೃತಜ್ಞತೆಯ ಒಂದು ಸಾಲು ಹೇಳುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಶಾಸ್ತ್ರವೂ ದಶಕಗಳ ಕಾಲ ಒಂದು ಊಹೆಯನ್ನು ಸತ್ಯವೆಂದು ಹೊತ್ತು ನಡೆದ ಕಥೆ ನನಗೆ ಇಡೀ ವಿಷಯದಲ್ಲೇ ಹೆಚ್ಚು ಪ್ರಿಯವಾದದ್ದು. ಅಮೆರಿಕ ಖಂಡಗಳು ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಅನೋಲಿಸ್ ಎಂಬ ಓತಿಗಳಿವೆ, ಸುಮಾರು 400 ಜಾತಿಗಳು. ಗಂಡಿನ ಗಂಟಲಿನ ಕೆಳಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಚರ್ಮ. ವಿಕಾಸದ ಅಧ್ಯಯನದಲ್ಲಿ ಇವುಗಳಷ್ಟು ನೋಡಿಸಿಕೊಂಡ ಹಲ್ಲಿ ಜಾತಿಯ ಪ್ರಾಣಿ ಬೇರೆ ಇಲ್ಲವೆನ್ನಬಹುದು. ಗಂಡು ತನ್ನದೊಂದು ಗಡಿ ಹಾಕಿಕೊಂಡು ಕಾಯುತ್ತದೆ, ಅದರೊಳಗಿನ ಹೆಣ್ಣುಗಳು ಅದೊಂದರ ಜತೆಯೇ ಕೂಡುತ್ತವೆ ಎಂಬುದು ಪಠ್ಯಪುಸ್ತಕದ ಮಾತು. ಹಾರ್ವರ್ಡ್‌ನಲ್ಲಿ ಜೊನಾಥನ್ ಲೋಸೋಸ್ ಅವರ ವಿದ್ಯಾರ್ಥಿನಿಯಾಗಿದ್ದ ಅಂಬಿಕಾ ಕಾಮತ್ ಈ ಮಾತು ಎಲ್ಲಿಂದ ಬಂತೆಂದು ಹಳೆಯ ಪ್ರಬಂಧಗಳನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದರು. 1930ರ ದಶಕದವರೆಗೆ ಹೋದರೆ ಸಿಕ್ಕಿದ್ದು ಪಂಜರದಲ್ಲಿಟ್ಟ ಓತಿಗಳನ್ನು ನೋಡಿ ಬರೆದ ವರದಿ. ಪಂಜರದೊಳಗಿನ ಪ್ರಾಣಿ ಗಡಿ ದಾಟಿ ಎಲ್ಲಿಗೆ ಹೋದೀತು?

ಅಲ್ಲಿಂದ ಮುಂದಿನವರು ಆ ಮಾತನ್ನು ಪರೀಕ್ಷಿಸಲಿಲ್ಲ, ಅದರ ಮೇಲೆ ಕಟ್ಟಿದರು. ಗಡಿ ಇದೆ ಎಂದು ನಂಬಿದ ಮೇಲೆ ಚಿಕ್ಕ ಜಾಗವೊಂದನ್ನು ಕೆಲವೇ ದಿನ ನೋಡಿದರೆ ಸಾಕೆನಿಸುತ್ತದೆ. ಒಂದೆರಡು ಸಲ ಕಂಡು ಮತ್ತೆ ಕಾಣದ ಓತಿಯನ್ನು ‘ಮಾಹಿತಿ ಸಾಲದು’ ಎಂದು ಲೆಕ್ಕದಿಂದ ಕೈಬಿಡುತ್ತಾರೆ. ಹಾಗೆ ಕೈಬಿಟ್ಟವುಗಳೇ ಓಡಾಡುವ ಓತಿಗಳು! ಉಳಿದವು ಕೂತಲ್ಲೇ ಕೂತವು. ಲೆಕ್ಕ ಮುಗಿದಾಗ ಎಲ್ಲ ಓತಿಗಳೂ ತಂತಮ್ಮ ಗಡಿಯೊಳಗೇ ಇರುತ್ತವೆ, ಗಡಿಯ ಸಿದ್ಧಾಂತ ಮತ್ತೊಮ್ಮೆ ಸಾಬೀತಾಗುತ್ತದೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ಕಂಡು ಕಟ್ಟಿದರೋ, ಇಲ್ಲಿಗೆ ಅದು ಹೇಳಿ ಮಾಡಿಸಿದಂತಿದೆ.

ಕಾಮತ್ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಕಂದು ಅನೋಲಿಸ್‌ಗಳಿಗೆ ಗುರುತು ಹಾಕಿ, ಗಡಿಯ ಊಹೆಯನ್ನು ಬದಿಗಿಟ್ಟು, ಯಾವ ಓತಿ ಎಲ್ಲಿ ಯಾವಾಗ ಕಂಡಿತು ಎಂಬುದನ್ನಷ್ಟೇ ತಿಂಗಳುಗಟ್ಟಲೆ ಬರೆದಿಟ್ಟರು. ಯಾವ ಗಂಡಿಗೆ ಯಾವ ಹೆಣ್ಣು ಎದುರಾಗುವ ಸಾಧ್ಯತೆ ಎಷ್ಟು ಎಂದು ಅದರಿಂದ ಲೆಕ್ಕ ಹಾಕಿದರು. ಮೊಟ್ಟೆಗಳಿಂದ ಬಂದ ಮರಿಗಳ ತಂದೆ ಯಾರೆಂದು ಡಿಎನ್‌ಎಯಿಂದ ಪತ್ತೆ ಮಾಡಿದರು. ಗಂಡುಗಳು ನಂಬಿಕೆಗಿಂತ ಹೆಚ್ಚು ಅಲೆಯುತ್ತಿದ್ದವು. ಹೆಣ್ಣುಗಳಿಗೆ ಹಲವು ಗಂಡುಗಳು ಎದುರಾಗುತ್ತಿದ್ದವು, ಬಹಳಷ್ಟು ತಾಯಂದಿರ ಮರಿಗಳಿಗೆ ಒಬ್ಬನೇ ತಂದೆ ಇರಲಿಲ್ಲ. ಪಠ್ಯದ ಆ ಒಂದು ಸಾಲಿನಿಂದ ಕಾಣೆಯಾಗಿದ್ದದ್ದು ಹೆಣ್ಣಿನ ಓಡಾಟ, ಹೆಣ್ಣಿನ ಆಯ್ಕೆ. ಇದನ್ನು ಎಲ್ಲ ಅನೋಲಿಸ್ ತಜ್ಞರೂ ಒಪ್ಪಿಲ್ಲ. ‘ಗಡಿ’ ಎಂದರೆ ಯಾರೂ ಕಲ್ಲು ನೆಟ್ಟ ಗಡಿ ಎಂದು ಹೇಳಿರಲಿಲ್ಲ ಎಂದು ವಾದಿಸಿದವರಿದ್ದಾರೆ. ಆ ವಾದದಲ್ಲೂ ಹುರುಳಿದೆ. ಆದರೆ ಗುರುವಿನ ಜೀವಮಾನದ ಪ್ರಾಣಿಯ ಮೇಲೆ ಶಿಷ್ಯೆ ಇಂಥ ಪ್ರಶ್ನೆ ಎತ್ತಿ, ಇಬ್ಬರ ಹೆಸರಿನಲ್ಲೂ ಅದು ಅಚ್ಚಾಯಿತು ಎಂಬುದು ನನಗೆ ಓತಿಯ ಸಂಗತಿಯಷ್ಟೇ ಹಿಡಿಸಿತು.

ಇಲ್ಲಿಯವರೆಗಿನದು ನಡವಳಿಕೆ. ವಿಕಾಸ ಎನ್ನಬೇಕಾದರೆ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದನ್ನು ತೋರಿಸಬೇಕು, ಕನಿಷ್ಠ ನಿಸರ್ಗದ ಆಯ್ಕೆ, ಅಂದರೆ ಒಂದು ಗುಣ ಇದ್ದವು ಇಲ್ಲದವುಗಳಿಗಿಂತ ಹೆಚ್ಚು ಉಳಿಯುವುದು, ನಡೆಯುವುದನ್ನಾದರೂ ಹಿಡಿಯಬೇಕು. ಲೋಸೋಸ್ ಮತ್ತು ಸಂಗಡಿಗರು ಬಹಾಮಾಸ್‌ನ ಪುಟ್ಟ ದ್ವೀಪಗಳಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕೆಲವು ದ್ವೀಪಗಳಿಗೆ ನೆಲದ ಮೇಲೆ ಬೇಟೆಯಾಡುವ ದೊಡ್ಡ ಹಲ್ಲಿಯೊಂದನ್ನು ತಂದು ಬಿಟ್ಟರು, ಕೆಲವನ್ನು ಹಾಗೇ ಬಿಟ್ಟರು. ಮೊದಲ ಆರು ತಿಂಗಳಲ್ಲಿ ಬೇಟೆಗಾರನಿದ್ದ ದ್ವೀಪಗಳಲ್ಲಿ ಉದ್ದ ಕಾಲಿನ ಅನೋಲಿಸ್‌ಗಳು ಹೆಚ್ಚು ಬದುಕುಳಿದವು, ಓಡಿ ತಪ್ಪಿಸಿಕೊಳ್ಳಬಲ್ಲವು ಎಂಬ ಕಾರಣಕ್ಕೆ. ಅಷ್ಟರಲ್ಲಿ ಉಳಿದವು ನೆಲ ಬಿಟ್ಟು ಪೊದೆಗಳನ್ನು ಏರಿದ್ದವು. ತೆಳು ರೆಂಬೆಯ ಮೇಲೆ ಉದ್ದ ಕಾಲು ತೊಡಕು. ಮುಂದಿನ ಆರು ತಿಂಗಳಲ್ಲಿ ಮೇಲುಗೈ ಗಿಡ್ಡ ಕಾಲಿನವುಗಳದ್ದಾಯಿತು. ಒಂದೇ ವರ್ಷದೊಳಗೆ ಆಯ್ಕೆಯ ದಿಕ್ಕು ತಿರುಗಿತು, ತಿರುಗಿಸಿದ್ದು ಓತಿಗಳ ನಡವಳಿಕೆಯೇ. ದೇಹ ಮೊದಲು ಬದಲಾಗಿ ನಡವಳಿಕೆ ಹಿಂಬಾಲಿಸುತ್ತದೆ ಎಂದುಕೊಂಡಿದ್ದವರು ಇದನ್ನು ನಿಧಾನವಾಗಿ ಓದಬೇಕು.

ಇಲ್ಲಿಯೂ ಒಂದು ಕೊಕ್ಕೆ ಇದೆ, ಅದನ್ನು ಹಾಕಿದವರೂ ಅವರೇ. ಪ್ರಯೋಗಾಲಯದಲ್ಲಿ ಅನೋಲಿಸ್ ಮರಿಗಳನ್ನು ಕೆಲವನ್ನು ಅಗಲವಾದ ಹಲಗೆಗಳ ಮೇಲೆ, ಕೆಲವನ್ನು ತೆಳು ಕಡ್ಡಿಗಳ ಮೇಲೆ ಬೆಳೆಸಿದಾಗ ಅಗಲದ ಮೇಲೆ ಬೆಳೆದವುಗಳ ಕಾಲು ಕೊಂಚ ಉದ್ದವಾಗಿ ಬೆಳೆಯಿತು. ಇದು ವಂಶವಾಹಿಯಿಂದ ಬಂದ ವ್ಯತ್ಯಾಸವಲ್ಲ, ಬೆಳೆದ ಜಾಗದಿಂದ ಬಂದದ್ದು. ಹಾಗಾಗಿ ಎರಡು ದ್ವೀಪಗಳ ಓತಿಗಳ ಕಾಲು ಬೇರೆ ಬೇರೆ ಇದೆ ಎಂದ ಮಾತ್ರಕ್ಕೆ ವಿಕಾಸವಾಯಿತು ಎಂದು ಡಂಗುರ ಹೊಡೆಯುವಂತಿಲ್ಲ. ಟಿನ್‌ಬರ್ಗನ್ನರ ಎರಡನೆಯ ಪ್ರಶ್ನೆ ಬಾಗಿಲಲ್ಲಿ ನಿಂತು ತಡೆಯುತ್ತದೆ.

ಪ್ರಯೋಗವನ್ನು ಯಾವಾಗಲೂ ಮನುಷ್ಯನೇ ಮಾಡಬೇಕೆಂದಿಲ್ಲ. 2017ರಲ್ಲಿ ಟರ್ಕ್ಸ್ ಅಂಡ್ ಕೈಕೋಸ್ ದ್ವೀಪಗಳಲ್ಲಿ ಅನೋಲಿಸ್‌ಗಳನ್ನು ಅಳೆದು ಮುಗಿಸಿದ ಕೆಲವೇ ದಿನಗಳಲ್ಲಿ ಇರ್ಮಾ ಚಂಡಮಾರುತ ಬಂತು, ಹಿಂದೆಯೇ ಮರಿಯಾ. ಸಂಶೋಧಕರು ಮರಳಿ ಹೋಗಿ ಉಳಿದವುಗಳನ್ನು ಅಳೆದರು. ಬದುಕುಳಿದವುಗಳ ಬೆರಳಿನ ಅಂಟುಪಟ್ಟಿ ಸರಾಸರಿಯಲ್ಲಿ ದೊಡ್ಡದು, ಮುಂಗಾಲು ಉದ್ದ, ಹಿಂತೊಡೆ ಗಿಡ್ಡ. ಮೊದಲೆರಡು ಅರ್ಥವಾಗುತ್ತವೆ, ಹಿಡಿತ ಬಿಗಿ. ತೊಡೆ ಏಕೆ ಗಿಡ್ಡ? ತರಗೆಲೆ ಊದುವ ಯಂತ್ರ ತಂದು, ಕೋಲು ಹಿಡಿದು ಕೂತ ಓತಿಯ ಮೇಲೆ ಗಾಳಿ ಬಿಟ್ಟು ಚಿತ್ರೀಕರಿಸಿದರು. ಗಾಳಿ ಹೆಚ್ಚಾದಂತೆ ಹಿಂಗಾಲುಗಳು ಹಿಡಿತ ಬಿಟ್ಟು ಗಾಳಿಗೆ ಸಿಕ್ಕು ಹೊಡೆದುಕೊಳ್ಳುತ್ತವೆ, ಮುಂಗಾಲುಗಳಷ್ಟೇ ಕಚ್ಚಿ ಹಿಡಿದಿರುತ್ತವೆ. ಉದ್ದ ತೊಡೆಗೆ ಹೆಚ್ಚು ಗಾಳಿ ಸಿಗುತ್ತದೆ. ಕೊನೆಗೆ ಹಾರಿ ಬಿದ್ದ ಓತಿಗಳಿಗೆ ಪೆಟ್ಟಾಗದಂತೆ ಬಲೆ ಕಟ್ಟಿದ್ದರು. ಸರ್ಕಾರದ ಹಣದಲ್ಲಿ ಓತಿಕ್ಯಾತಕ್ಕೆ ಗಾಳಿ ಊದುತ್ತಾರೆಯೇ ಎಂದು ಪಂಕ್ತಿಯಲ್ಲಿ ಕೂತವರು ಕೇಳಿಯಾರು. ಆಯ್ಕೆ ನಡೆದದ್ದನ್ನು ಇಷ್ಟು ಹತ್ತಿರದಿಂದ ಹಿಡಿದ ಉದಾಹರಣೆಗಳು ಬೆರಳೆಣಿಕೆಯಷ್ಟು.

ನಮ್ಮ ಮೈಸೂರು ಸೀಮೆಯಲ್ಲಿ ಅಂಥ ಚಂಡಮಾರುತ ಇಲ್ಲ, ಬಡಾವಣೆಗಳಿವೆ. ಬಟಬ್ಯಾಲ್ ಮತ್ತು ಥಾಕರ್ 2019ರಲ್ಲಿ ನಗರದ ಅಂಚಿನ ಬಂಡೆ ಓತಿಗಳನ್ನೂ ಹಳ್ಳಿಯ ಕಡೆಯವನ್ನೂ ಹೋಲಿಸಿ ನೋಡಿದ್ದರು. ಅಪಾಯ ಬಂದಾಗ ಯಾವ ಅಡಗುದಾಣ ಸುರಕ್ಷಿತ ಎಂಬುದನ್ನು ಕಲಿಯುವ ಪರೀಕ್ಷೆಯಲ್ಲಿ ನಗರದ ಅಂಚಿನವು ಬೇಗ ಕಲಿತವು. ಅವು ಹುಟ್ಟಿನಿಂದ ಚುರುಕೋ, ಅಥವಾ ನಾಯಿ, ಬೆಕ್ಕು, ಬೈಕುಗಳ ನಡುವೆ ಬೆಳೆದು ಚುರುಕಾದವೋ ಎಂಬುದು ಮತ್ತೆ ಅದೇ ಎರಡನೆಯ ಪ್ರಶ್ನೆ. ಮೈಸೂರು ಹೊರವರ್ತುಲ ರಸ್ತೆ ದಾಟಿ ಹಬ್ಬುತ್ತಿರುವ ಈ ದಿನಗಳಲ್ಲಿ ಚಾಮುಂಡಿಬೆಟ್ಟದ ತಪ್ಪಲಿನ ಓತಿಗಳನ್ನೂ ಕುಂತಿಬೆಟ್ಟದವನ್ನೂ ಹೀಗೆ ಹೋಲಿಸಬಹುದು. ಅದೇ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆಯ ಬಗ್ಗೆ ಎಷ್ಟೋ ಚರ್ಚೆಯಾಗಿದೆ, ಎಲ್ಲವೂ ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಸುತ್ತ. ಅದು ಸರಿಯೇ. ಬಂಡೆಯನ್ನೇ ಮನೆ ಮಾಡಿಕೊಂಡ ಪ್ರಾಣಿಯ ಮಾತು ಆ ಚರ್ಚೆಯಲ್ಲಿ ಬಂದದ್ದು ನನ್ನ ನೆನಪಿನಲ್ಲಿಲ್ಲ.

ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಮೈಸೂರಿನದೇ ಒಂದು ನಿದರ್ಶನ ಕೊಡಬಹುದು. ಸಿಂಗಳೀಕಗಳ ಅಧ್ಯಯನಕ್ಕೆ ಹೆಸರಾದ ಮೇವಾ ಸಿಂಗ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ್ದು ಮನಃಶಾಸ್ತ್ರ ವಿಭಾಗದಲ್ಲಿ. ಅದೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಪ್ರಾಣಿಶಾಸ್ತ್ರ ವಿಭಾಗ ಹಣ್ಣಿನ ನೊಣಗಳ ತಳಿಸಂಗ್ರಹಕ್ಕೆ ಹೆಸರು ಮಾಡಿತು. ನಡವಳಿಕೆಯನ್ನು ಓದುವವರಿಗೆ ಬಾಗಿಲು ಯಾವ ವಿಭಾಗದಲ್ಲಿ ತೆರೆಯುತ್ತದೆ ಎಂದು ಮೊದಲೇ ಹೇಳಲಾಗದು.

ಟಿನ್‌ಬರ್ಗನ್ನರ ನಾಲ್ಕನೆಯ ಪ್ರಶ್ನೆ, ವಂಶದ ಪ್ರಶ್ನೆ, ಇನ್ನೂ ಬಾಕಿ ಇದೆ. ಅದಕ್ಕೆ ರಂಗನತಿಟ್ಟಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿದ ಕಾವೇರಿಯ ನಡುಗಡ್ಡೆಗಳು. ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಮೇಲೆ ಮರದಲ್ಲಿ ಗೂಡು ಕಟ್ಟಿದ ಬಣ್ಣದ ಕೊಕ್ಕರೆ. ದಡದ ಕಲ್ಲಿನ ಮೇಲೆ ಒಂದು ಓತಿ. ಈ ಮೂರರಲ್ಲಿ ಮೊಸಳೆಗೆ ಹತ್ತಿರದ ನೆಂಟ ಯಾರು? ನೋಟಕ್ಕೆ ಓತಿ. ವಂಶಾವಳಿಯಲ್ಲಿ ಕೊಕ್ಕರೆ. ಮೊಸಳೆಗಳಿಗೂ ಹಕ್ಕಿಗಳಿಗೂ ಸುಮಾರು 25 ಕೋಟಿ ವರ್ಷಗಳ ಹಿಂದೆ ಒಬ್ಬ ಸಮಾನ ಪೂರ್ವಿಕನಿದ್ದ. ಹಲ್ಲಿ ಓತಿಗಳ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು.

ನಡವಳಿಕೆಯಲ್ಲೂ ನೆಂಟಸ್ತಿಕೆ ಕಾಣುತ್ತದೆ. ಮೊಸಳೆಯ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ತಾಯಿ ಗೂಡು ಅಗೆದು ಮರಿಗಳನ್ನು ಬಾಯಲ್ಲಿ ಹೊತ್ತು ನೀರಿಗೆ ಬಿಡುತ್ತಾಳೆ. ಮೊಸಳೆಗಳನ್ನು ಸಾಕಿ ಉಳಿಸುವ, ಚೆನ್ನೈ ಬಳಿಯ ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ನಮ್ಮ ಮಗ್ಗರ್ ಜಾತಿಯ ಗಂಡುಗಳೂ ಮರಿ ಹೊತ್ತದ್ದನ್ನು 1980ರ ದಶಕದಲ್ಲಿ ದಾಖಲಿಸಿದ್ದಾರೆ. ಎರಡು ಕವಲಿನಲ್ಲೂ ಮರಿ ಪಾಲನೆ ಇದೆ ಎಂದರೆ ಅದು ಪೂರ್ವಿಕನಲ್ಲೇ ಇದ್ದಿರಬಹುದು, ಹಾಗಿದ್ದರೆ ಆ ಪೂರ್ವಿಕನಿಗೂ ಹಕ್ಕಿಗಳಿಗೂ ನಡುವೆ ಬರುವ ಡೈನೋಸಾರ್‌ಗಳಲ್ಲೂ ಇರಬೇಕು. ಇಲ್ಲಿ ಕಲ್ಲು ಅಪರೂಪಕ್ಕೆ ಸಾಕ್ಷಿ ನುಡಿಯಿತು: 1990ರ ದಶಕದಲ್ಲಿ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಮೇಲೆ ಕೈ ಚಾಚಿ, ಕಾವಿಗೆ ಕೂತ ಹಕ್ಕಿಯ ಭಂಗಿಯಲ್ಲೇ ಮಡಿದ ಡೈನೋಸಾರ್‌ನ ಪಳೆಯುಳಿಕೆ ಸಿಕ್ಕಿತು. ಬೇರೆ ಬೇರೆ ಕವಲಿನಲ್ಲಿ ಬೇರೆ ಬೇರೆಯಾಗಿಯೇ ಪಾಲನೆ ಹುಟ್ಟಿತು ಎಂಬ ಸಾಧ್ಯತೆಯನ್ನು ಅದು ಅಳಿಸುವುದಿಲ್ಲ, ಕ್ಷೀಣವಾಗಿಸುತ್ತದೆ.

ಅದೇ ಮದ್ರಾಸ್ ಮೊಸಳೆ ಬ್ಯಾಂಕಿನಿಂದ ಇನ್ನೊಂದು ಸುದ್ದಿ 2013ರಲ್ಲಿ ಹೊರಬಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಬೆಳ್ಳಕ್ಕಿಗಳು ಗೂಡು ಕಟ್ಟುವ ಕೊಳದಲ್ಲಿ ಮೊಸಳೆಯೊಂದು ಮೂತಿಯ ಮೇಲೆ ಕಡ್ಡಿಗಳನ್ನು ಹೊತ್ತು ಅಲ್ಲಾಡದೆ ಇರುತ್ತದೆ. ಗೂಡಿಗೆ ಕಡ್ಡಿ ಹುಡುಕುವ ಹಕ್ಕಿ ಹತ್ತಿರ ಬಂದರೆ ಬಾಯಿ ಹಾಕುತ್ತದೆ. ಅಮೆರಿಕದ ಲೂಸಿಯಾನಾದ ಅಲಿಗೇಟರ್‌ಗಳಲ್ಲೂ ಇಂಥದ್ದನ್ನು ಕಂಡರು. ಸರೀಸೃಪಗಳೂ ಸಾಧನ ಬಳಸುತ್ತವೆ ಎಂಬುದು ತಲೆಬರಹ. ಆಮೇಲೆ ಬೇರೆ ಸಂಶೋಧಕರು ಸಾಕಿದ ಅಲಿಗೇಟರ್‌ಗಳಲ್ಲಿ ಇದನ್ನು ಪರೀಕ್ಷಿಸಿದರು. ಮೇಲೆ ಹಕ್ಕಿಗೂಡುಗಳಿರುವ ಕೊಳದಲ್ಲಿ ಕಡ್ಡಿ ಹೊರುವುದು ಹೆಚ್ಚಿರಬೇಕಲ್ಲ? ಹಾಗೆ ಕಾಣಲಿಲ್ಲ. ಗೂಡುಗಳ ಕೆಳಗೆ ಉದುರಿದ ಕಡ್ಡಿ ಹೇಗೂ ಹೆಚ್ಚು, ತೇಲುವ ಮೂತಿಗೆ ಅಂಟುವುದು ಸಹಜ ಎಂಬ ಸರಳ ವಿವರಣೆ ಇನ್ನೂ ಜೀವಂತವಾಗಿದೆ.

ರಂಗನತಿಟ್ಟಿನಲ್ಲಿ ಮಗ್ಗರ್ ಇದೆ, ಗೂಡು ಕಟ್ಟುವ ಸಾವಿರಾರು ಹಕ್ಕಿಗಳಿವೆ, ಗೂಡಿಲ್ಲದ ತಿಂಗಳುಗಳೂ ಇವೆ. ಗೂಡಿನ ಮರಗಳ ಕೆಳಗಿನ ಮೊಸಳೆಗಳನ್ನೂ ಅವುಗಳಿಂದ ದೂರದ ಮೊಸಳೆಗಳನ್ನೂ, ಗೂಡಿನ ಕಾಲದಲ್ಲೂ ಉಳಿದ ಕಾಲದಲ್ಲೂ, ಆಲ್ಟ್‌ಮನ್ ಹೇಳಿದಂತೆ ಗೊತ್ತಾದ ಹೊತ್ತಿಗೆ ಗೊತ್ತಾದ ಕ್ರಮದಲ್ಲಿ ನೋಡಬೇಕು. ನೀರಿನಲ್ಲಿ ತೇಲುವ ಕಡ್ಡಿಯ ಪ್ರಮಾಣವನ್ನೂ ಅಳೆಯಬೇಕು. ಮೂತಿಯ ಮೇಲೆ ಕಡ್ಡಿ ಇಲ್ಲದ ಮೊಸಳೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು, ಮತ್ತು ಬಹುಪಾಲು ಪುಟಗಳು ಅದರಿಂದಲೇ ತುಂಬುತ್ತವೆ. ಪ್ರವಾಸಿಗರ ದೋಣಿ ಒಂದು ಸುತ್ತು ಹಾಕಿ ಮರಳುವ ಹೊತ್ತು ಇದಕ್ಕೆ ಎಲ್ಲಿಯೂ ಸಾಲದು. ದಡದಲ್ಲಿ ದುರ್ಬೀನು ಹಿಡಿದು ಬೆಳಗಿನಿಂದ ಕೂರಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅರ್ಜಿಯನ್ನು ಗೂಡಿನ ಕಾಲಕ್ಕೆ ಬಹಳ ಮುಂಚೆಯೇ ಹಾಕಬೇಕು.